‘ಯಾವ ಕಡೆ ನೀವು?’ ಮಂಡ್ಯದಲ್ಲಿ ನಡುವಿನ ಜಾಗ ಸಣ್ಣದಾದ ಬಗೆ

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ‘ಯಾವೂರು?’ ಅಂತ ಕೇಳುತ್ತಾರೆ. ಆಮೇಲೆ ‘ಯಾರ ಮನೆಯವರು?’. ಈಚೆಗೆ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: ‘ಯಾವ ಕಡೆ ನೀವು?’ ಟೀ ಅಂಗಡಿಯಲ್ಲಿ, ಮದುವೆ ಪಂಕ್ತಿಯಲ್ಲಿ, ಕಾರ್ಖಾನೆ ಮುಂದಿನ ಕಬ್ಬಿನ ಗಾಡಿ ಸಾಲಿನಲ್ಲಿ, ಎಲ್ಲಿ ಹೋದರೂ ಇದೇ. ಒಂದು ಕಡೆ ಹೇಳಿದರೆ ಅರ್ಧ ಜನ ಮುಖ ತಿರುಗಿಸುತ್ತಾರೆ. ‘ವಿಷಯ ನೋಡಿ ಹೇಳ್ತೀನಿ’ ಅಂದರೆ ಎಲ್ಲರೂ ಸೇರಿ ‘ಅಡ್ಡಗೋಡೆ ಮೇಲೆ ದೀಪ ಇಡಬೇಡಿ’ ಅನ್ನುತ್ತಾರೆ. ನಡುವೆ ನಿಲ್ಲುವುದು ಅಂದರೆ ಏನು, ಆ ಜಾಗಕ್ಕೆ ಕೆಟ್ಟ ಹೆಸರು ಬಂದದ್ದು ಯಾವಾಗ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಾಜಕೀಯದಲ್ಲಿ ಎಡ, ಬಲ ಅನ್ನುವ ಮಾತು ಹುಟ್ಟಿದ್ದು ಕೂರುವ ಜಾಗದಿಂದ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನ ಅಧಿಕಾರ ಉಳಿಯಲಿ ಎಂದವರು ಅಧ್ಯಕ್ಷರ ಬಲಕ್ಕೆ ಕೂತರು, ಕಡಿಮೆಯಾಗಲಿ ಎಂದವರು ಎಡಕ್ಕೆ ಕೂತರು. ನಮ್ಮ ಹಳೇ ಮೈಸೂರಿನಲ್ಲಿ ಎಡಗೈ, ಬಲಗೈ ಅನ್ನುವ ಪದಗಳು ಅದಕ್ಕೂ ಮೊದಲೇ ಇದ್ದವು. ಅವು ಜಾತಿಗಳ ಎರಡು ಬಣ. ಅಲ್ಲಿ ಯಾರೂ ಯೋಚಿಸಿ ಕಡೆ ಆರಿಸಿಕೊಳ್ಳುತ್ತಿರಲಿಲ್ಲ, ಹುಟ್ಟಿದ ಮನೆಯೇ ಅದನ್ನು ಗೊತ್ತುಮಾಡುತ್ತಿತ್ತು. ಇವತ್ತು ನಾವು ಪಕ್ಷಗಳನ್ನು ಹಿಡಿದುಕೊಂಡಿರುವ ರೀತಿ ಫ್ರಾನ್ಸಿನದಕ್ಕಿಂತ ಇದಕ್ಕೇ ಹತ್ತಿರ ಅಂತ ನನಗೆ ಅನಿಸುತ್ತದೆ.

ಜನ ಎರಡಾಗುವುದು ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ 1881ಕ್ಕೆ ಪ್ರಜಾಪ್ರತಿನಿಧಿ ಸಭೆ ಬಂತು, 1917ಕ್ಕೆ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ, ಮರುವರ್ಷ ಅವರ ಬೇಡಿಕೆ ನೋಡಲು ಮಿಲ್ಲರ್ ಸಮಿತಿ. ಸರ್ಕಾರಿ ಕೆಲಸದಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೇ ಬೇಡವೇ ಅಂತ ಓದಿದವರೆಲ್ಲ ಎರಡು ಗುಂಪಾದರು. ಹಾಗೆ ಪಾಲು ಕೊಡುವುದು ಒಪ್ಪಿಗೆಯಾಗದೆ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಮೀಸಲಾತಿಯಿಂದ ಓದಿ ಕೆಲಸ ಕಂಡ ಮನೆಗಳು ಮಂಡ್ಯದಲ್ಲಿ ಎಷ್ಟಿಲ್ಲ! ಆದರೂ ಇಲ್ಲಿನ ರೈತರ ಮನೆಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೊ ಇದೆ. ಕಾವೇರಿ ಧರಣಿ ಕೂರುವುದೂ ಅವರ ಪ್ರತಿಮೆಯ ಎದುರಿಗೇ. ಅವರು ಕಟ್ಟಿಸಿದ ಕನ್ನಂಬಾಡಿ ಕಟ್ಟೆಯ ಋಣ ಒಂದು ಲೆಕ್ಕ, ಮೀಸಲಾತಿಯ ಜಗಳ ಇನ್ನೊಂದು ಲೆಕ್ಕ. ನಮ್ಮ ತಾತಂದಿರು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದರು. ಹಾಗಂತ ಮೀಸಲಾತಿಯ ವಿಚಾರದಲ್ಲಿ ಅವರು ಅರ್ಧ ಬೇಕು, ಅರ್ಧ ಬೇಡ ಅನ್ನಲಿಲ್ಲ. ಪೂರ್ತಿ ಬೇಕು ಅಂದರು. ನನಗೆ ಅರ್ಥವಾದ ನಡು ಇದು.

ಇನ್ನೊಂದು ಉದಾಹರಣೆ ಮದ್ದೂರಿನ ಪಕ್ಕದ ಶಿವಪುರದಲ್ಲಿದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ಅಲ್ಲಿ ಅಧಿವೇಶನ ಮಾಡಿತು. ಟಿ. ಸಿದ್ದಲಿಂಗಯ್ಯನವರು ಅಧ್ಯಕ್ಷರು. ಕಾಂಗ್ರೆಸ್ ಬಾವುಟ ಹಾರಿಸಬಾರದು ಅಂತ ಸಂಸ್ಥಾನದ ಆಜ್ಞೆ ಇತ್ತು. ಸಾವಿರಾರು ಜನ ಸೇರಿ ಹಾರಿಸಿಯೇ ಬಿಟ್ಟರು, ಮುಖಂಡರು ಜೈಲಿಗೆ ಹೋದರು. ಅದೇ ತಿಂಗಳು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಹೀಗೇ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಗೋಲಿಬಾರ್ ಆಯಿತು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೈಸೂರಿನ ಧ್ವಜವೂ ಹಾರಲಿ, ಕಾಂಗ್ರೆಸ್ ಧ್ವಜವೂ ಹಾರಲಿ ಅಂತ ಒಪ್ಪಂದವಾಯಿತು. ಎರಡು ಬಾವುಟ ಒಟ್ಟಿಗೆ ಹಾರಿದ್ದು ಮಧ್ಯದ ದಾರಿ ನಿಜ. ಆದರೆ ಶಿವಪುರದಲ್ಲಿ ಯಾರೂ ಮಧ್ಯೆ ನಿಂತಿರಲಿಲ್ಲ, ಅಲ್ವಾ? ಒಂದು ಕಡೆ ಗಟ್ಟಿಯಾಗಿ ನಿಂತವರಿದ್ದದ್ದರಿಂದಲೇ ಆ ದಾರಿ ತೆರೆಯಿತು.

ನಾಲೆ, ಕಬ್ಬು ಮೊದಲೇ ಬಂದಿದ್ದವು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು, ಆಮೇಲೆ ಸ್ವಾತಂತ್ರ್ಯ ಬಂತು. 1962ರಲ್ಲಿ ಮದ್ದೂರಿನ ಜನ ನೆಹರೂ ಬಂದು ಪ್ರಚಾರ ಮಾಡಿದ ಕಾಂಗ್ರೆಸ್ ಅಭ್ಯರ್ಥಿ ಕೆ.ವಿ. ಶಂಕರಗೌಡರನ್ನು ಬಿಟ್ಟು, ಪಕ್ಷೇತರ ಹುಡುಗ ಎಸ್.ಎಂ. ಕೃಷ್ಣ ಅವರನ್ನು ಗೆಲ್ಲಿಸಿದರು. ಸೋತವರ ಮೇಲಿನ ಗೌರವ ಮಂಡ್ಯದಲ್ಲಿ ಕಡಿಮೆಯಾಗಲಿಲ್ಲ.

ನಾನು ಕಣ್ಣಾರೆ ಕಂಡದ್ದು ಅದರ ನಂತರದ ಕಾಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದಮೇಲೆ ರೈತ ಸಂಘ ಹುಟ್ಟಿತು. ಹಸಿರು ಶಾಲು ನಮ್ಮೂರಿಗೂ ಬಂತು. ಅಪ್ಪ ಒಂದು ಪಕ್ಷಕ್ಕೆ ಓಟು ಹಾಕುತ್ತಿದ್ದರು, ಚಿಕ್ಕಪ್ಪ ಇನ್ನೊಂದಕ್ಕೆ. ಶಾಲು ಇಬ್ಬರದೂ ಒಂದೇ ಗೂಟದಲ್ಲಿ ನೇತಾಡುತ್ತಿತ್ತು. 1991ರ ಜೂನ್‌ನಲ್ಲಿ ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕು ಅಂತ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ಜಿ. ಮಾದೇಗೌಡರು ಆಗ ನಮ್ಮ ಸಂಸದರು. ಆ ಆದೇಶದ ವಿರುದ್ಧದ ಚಳವಳಿಯಲ್ಲಿ ಹೆದ್ದಾರಿಗೆ ಎತ್ತಿನ ಗಾಡಿ ಅಡ್ಡ ನಿಂತಿದ್ದು, ಡಾಂಬರಿನ ಮೇಲೇ ಒಲೆ ಹೂಡಿ ದೊಡ್ಡ ಹಂಡೆಯಲ್ಲಿ ಸಾರು ಕುದಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ಚುನಾವಣೆಯಲ್ಲಿ ಕೈ ಕೈ ಮಿಲಾಯಿಸಿದ್ದ ಇಬ್ಬರು ಒಂದೇ ಎಲೆಯ ಎರಡು ಬದಿ ಕೂತು ಮುದ್ದೆ ಮುರಿದರು. ಸಂಜೆ ಮನೆಗೆ ಹೋದಮೇಲೆ ಮತ್ತೆ ಜಗಳ ಆಡಿದರು ಅಂತಲೇ ಇಟ್ಟುಕೊಳ್ಳಿ. ಆದರೆ ಮಧ್ಯಾಹ್ನ ಒಟ್ಟಿಗೆ ಕೂರಲು ಒಂದು ಜಾಗ ಇತ್ತು.

ಆ ಒಗ್ಗಟ್ಟನ್ನು ಸುಮ್ನೆ ಹೊಗಳಿಬಿಡುವುದು ತಪ್ಪಾಗುತ್ತದೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರು, ಮೈಸೂರು ಕಡೆ ತಮಿಳು ಮಾತಾಡುವ ಕೂಲಿಯವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ನಾವು ಒಳಗೆ ಒಂದಾಗಲು ಹೊರಗೊಬ್ಬ ಬೇಕಾಗಿತ್ತು ಅನ್ನುವುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. 2003ರಲ್ಲಿ ‘ಕಾವೇರಿ ಕುಟುಂಬ’ ಅಂತ ಎರಡೂ ರಾಜ್ಯದ ರೈತರು ಸೇರಿ ಮಾತುಕತೆ ಶುರುಮಾಡಿದರು. ಇಲ್ಲಿನವರು ಅಲ್ಲಿನ ಬಯಲಿಗೆ ಹೋಗಿ ಒಣಗಿದ ಗದ್ದೆ ನೋಡಿದರು, ಅಲ್ಲಿನವರು ಇಲ್ಲಿಗೆ ಬಂದರು. ಅದರಿಂದ ವ್ಯಾಜ್ಯ ಮುಗಿಯಲಿಲ್ಲ. 2007ರಲ್ಲಿ ಅಂತಿಮ ತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಕೊಟ್ಟಿತು. ಆದರೂ ಆ ರೈತರನ್ನು ನಾನು ಮರೆತಿಲ್ಲ. ಒಬ್ಬರೂ ತಮ್ಮ ಪಾಲು ಬಿಟ್ಟುಕೊಡುತ್ತೇವೆ ಅಂದಿರಲಿಲ್ಲ. ಎದುರಿನವನಿಗೂ ಬೆಳೆ ಒಣಗುತ್ತದೆ ಅಂತ ಒಪ್ಪಿಕೊಂಡಿದ್ದರು, ಅಷ್ಟೇ.

ಈಗಿನ ಲೆಕ್ಕಕ್ಕೆ ಬರೋಣ. ಮಂಡ್ಯದ ಮತದಾರ ಒಂದೇ ಕಡೆ ಅಂಟಿಕೊಂಡವನಲ್ಲ. 2018ರ ವಿಧಾನಸಭೆಯಲ್ಲಿ ಏಳಕ್ಕೆ ಏಳೂ ಜೆಡಿಎಸ್. 2019ರ ಲೋಕಸಭೆಗೆ ಪಕ್ಷೇತರರಾಗಿ ನಿಂತ ಸುಮಲತಾ ಗೆದ್ದರು. ಅದೇ ವರ್ಷದ ಕೊನೆಗೆ ಕೆ.ಆರ್. ಪೇಟೆ ಉಪಚುನಾವಣೆಯಲ್ಲಿ ಬಿಜೆಪಿ ಜಿಲ್ಲೆಯಲ್ಲಿ ಮೊದಲ ಸಲ ಗೆದ್ದಿತು. 2023ರಲ್ಲಿ ಕಾಂಗ್ರೆಸ್ 5, ಜೆಡಿಎಸ್ 1, ರೈತ ಸಂಘದವರ ಸರ್ವೋದಯ ಕರ್ನಾಟಕ ಪಕ್ಷ 1. 2024ಕ್ಕೆ ಸಂಸದ ಸ್ಥಾನ ಮತ್ತೆ ಜೆಡಿಎಸ್‌ಗೆ. 2019ರಲ್ಲಿ ಜೆಡಿಎಸ್ ಕೈ ಹಿಡಿದಿದ್ದು ಕಾಂಗ್ರೆಸ್ಸನ್ನು, 2024ರಲ್ಲಿ ಬಿಜೆಪಿಯನ್ನು. ಐದು ವರ್ಷದಲ್ಲಿ ಮೇಲಿನವರು ಜಾಗ ಬದಲಿಸಿದರು. ಕೆಳಗೆ ಅವರಿಗಾಗಿ ಮಾತು ಬಿಟ್ಟವರು ಮತ್ತೆ ಮಾತಾಡಲಿಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

2024ರ ಜನವರಿಯಲ್ಲಿ ಕೆರಗೋಡಿನ 108 ಅಡಿ ಕಂಬದಿಂದ ಅಧಿಕಾರಿಗಳು ಹನುಮ ಧ್ವಜ ಇಳಿಸಿ ರಾಷ್ಟ್ರಧ್ವಜ ಏರಿಸಿದರು. ಪಂಚಾಯಿತಿ ಅನುಮತಿ ಕೊಟ್ಟಿದ್ದು ಯಾವ ಬಾವುಟಕ್ಕೆ ಅನ್ನುವುದೇ ಜಗಳ. ಪಾದಯಾತ್ರೆ, ಲಾಠಿ, ನಿಷೇಧಾಜ್ಞೆ ಎಲ್ಲ ಆಯಿತು. ಶಿವಪುರದ ಬಾವುಟಕ್ಕೂ ಇದಕ್ಕೂ 86 ವರ್ಷದ ಅಂತರ. ಎರಡೂ ಊರು ಒಂದೇ ಜಿಲ್ಲೆಯಲ್ಲಿವೆ. ಆ ಸಲ ಇಬ್ಬರು ಕೂತು ಮಾತಾಡಿ ಮುಗಿಸಿದ್ದರು. ಈ ಸಲ ಕೂರಿಸುವವರು ಯಾರು ಅನ್ನುವುದೇ ಗೊತ್ತಾಗಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾಗಮಂಗಲದ ಗಣೇಶ ಮೆರವಣಿಗೆಯಲ್ಲಿ ಗಲಾಟೆಯಾಗಿ ಅಂಗಡಿಗಳು ಸುಟ್ಟವು. 2025ರಲ್ಲಿ ಮದ್ದೂರಿನಲ್ಲೂ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಇಂಥ ಕಡೆ ಮಧ್ಯ ಅನ್ನುವ ಜಾಗವೇ ಇಲ್ಲ. ಕಲ್ಲು ಯಾರೇ ಎಸೆದರೂ ತಪ್ಪು, ಅಂಗಡಿ ಯಾರದೇ ಆದರೂ ಅದು ಒಬ್ಬನ ಅನ್ನ. ಇಷ್ಟನ್ನು ಹೇಳಲು ಪಕ್ಷ ನೋಡಬೇಕೇ?

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಬಳಸುವಂತಿಲ್ಲ ಅಂತ ನಮ್ಮ ಕಾನೂನೇ ಹೇಳುತ್ತದೆ. ನಾಲೆ, ಚರಂಡಿ, ಬೀದಿ ದೀಪಕ್ಕೆ ಪಕ್ಷ ಬೇಡ ಅನ್ನುವ ಒಳ್ಳೆಯ ಯೋಚನೆ. ಈಗ ಊರಿಗೆ ಎರಡು ವಾಟ್ಸಾಪ್ ಗುಂಪು. ಕಸ ತುಂಬಿ ಚರಂಡಿ ಕಟ್ಟಿಕೊಂಡರೂ ಫೋಟೊ ಒಂದು ಗುಂಪಿಗೆ ಮಾತ್ರ ಹೋಗುತ್ತದೆ.

ಅಪ್ಪ, ಚಿಕ್ಕಪ್ಪ ಇಬ್ಬರೂ ಈಗ ಇಲ್ಲ. ನನ್ನ ಅಣ್ಣ ಮತ್ತು ಚಿಕ್ಕಪ್ಪನ ಮಗ ಎರಡು ವರ್ಷದಿಂದ ಮಾತು ಬಿಟ್ಟಿದ್ದಾರೆ. ಕಾರಣ ಒಂದು ಸ್ಟೇಟಸ್. ಗದ್ದೆ ಅಕ್ಕಪಕ್ಕ, ತೂಬು ಒಂದೇ. ಹೋದ ಬೇಸಿಗೆಯಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಸರದಿ ರಾತ್ರಿ ಎರಡು ಗಂಟೆಗೆ ಬಂತು. ನಾನೂ ಟಾರ್ಚ್ ಹಿಡಿದು ಹೋಗಿದ್ದೆ. ಬದುವಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವನು. ನಡುವೆ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ. ‘ಅವನಿಗೆ ಹೇಳು, ಇನ್ನರ್ಧ ಗಂಟೆ ಸಾಕು ಅಂತ’ ಅಂದ ಅಣ್ಣ. ‘ಅವನಿಗೆ ಹೇಳು, ಪೈರು ಕೆಂಪಾಗಿದೆ, ಒಂದು ಗಂಟೆ ಬಿಟ್ಟುಕೊಳ್ಳಲಿ ಅಂತ’ ಅಂದ ಚಿಕ್ಕಪ್ಪನ ಮಗ. ಮೂವರೂ ಹತ್ತು ಮಾರಿನೊಳಗೇ ಇದ್ದರು. ನೀರುಗಂಟಿ ಇಬ್ಬರ ಮಾತನ್ನೂ ಒಂದಕ್ಷರ ಬಿಡದೆ ಜೋರಾಗಿ ಮತ್ತೆ ಹೇಳಿದ. ಆಮೇಲೆ ಬಗ್ಗಿ ತೂಬಿನ ಹಲಗೆ ಎತ್ತಿದ.