ಫೋನಿನ ನೆತ್ತಿ ನೋಡಿ, ಆಮೇಲೆ ಆ್ಯಪ್ ಹಾಕಿ

ಕಳೆದ ತಿಂಗಳು ನಿವೃತ್ತ ಮೇಷ್ಟರೊಬ್ಬರು ಅಂಗಡಿಗೆ ಬಂದು ಕೌಂಟರಿನ ಮೇಲೆ ಫೋನಿಟ್ಟು, "ಇದು ರಿಮೋಟ್ ಆಗುತ್ತಿಲ್ಲ, ಸ್ವಲ್ಪ ನೋಡಪ್ಪ" ಎಂದರು. ನೋಡಿದೆ. ಐದು ರಿಮೋಟ್ ಆ್ಯಪ್‌ಗಳಿದ್ದವು. ಯಾವುದನ್ನು ತೆರೆದರೂ ಮೊದಲು ಸಾಲ ಕೊಡುವವರ ಜಾಹೀರಾತು, ಅದರ ಹಿಂದೆಯೇ ಇಸ್ಪೀಟಿನ ಜಾಹೀರಾತು, ಅವೆರಡನ್ನೂ ದಾಟಿದರೆ ಟಿವಿ ಕಂಪನಿಗಳ ಉದ್ದನೆಯ ಪಟ್ಟಿ. ಪಟ್ಟಿಯಲ್ಲಿ ಅವರ ಟಿವಿಯ ಹೆಸರಿತ್ತು, ಪರದೆಯ ಮೇಲೆ ಕೆಂಪು ಗುಂಡಿಯ ಚಿತ್ರವಿತ್ತು, ಒತ್ತಿದರೆ ಫೋನು ಗುರ್ ಎಂದು ನಡುಗುತ್ತಿತ್ತು. ಎರಡು ದಿನ ಟಿವಿಯ ಮುಂದೆ ಕುಳಿತು ಒತ್ತಿದ್ದಾರೆ. ಬೆಂಗಳೂರಿನಲ್ಲಿರುವ ಮೊಮ್ಮಗ ಪ್ರತಿ ಸಲವೂ "ಇನ್ನೊಂದು ಆ್ಯಪ್ ಹಾಕಿ ನೋಡಿ ತಾತ" ಎಂದಿದ್ದಾನೆ. ಹಾಗೆಯೇ ಐದಾಗಿವೆ.

ನಾನು ಫೋನನ್ನು ನಿಲ್ಲಿಸಿ ಅದರ ನೆತ್ತಿ ನೋಡಿದೆ. ಮೈಕಿನ ಸೂಜಿರಂಧ್ರವೊಂದನ್ನು ಬಿಟ್ಟರೆ ಏನೂ ಇರಲಿಲ್ಲ.

"ಮೇಷ್ಟರೇ, ಇದರಲ್ಲಿ ದೀಪವೇ ಇಲ್ಲವಲ್ಲ."

"ದೀಪ ಯಾಕಪ್ಪ? ಆ್ಯಪ್ ಇದೆಯಲ್ಲ."

ದಾವಣಗೆರೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಟಿವಿ, ಎಸಿ, ರಿಮೋಟ್ ರಿಪೇರಿ ಮಾಡುತ್ತಿದ್ದೇನೆ. ಸಿಡಿಲು ಬಡಿದ ಟಿವಿ ತಂದವರಿಗೆ ಸಮಾಧಾನ ಹೇಳಬಲ್ಲೆ. ಆದರೆ "ಆ್ಯಪ್ ಇದೆಯಲ್ಲ" ಎನ್ನುವವರ ಮುಂದೆ ನನ್ನ ತಾಳ್ಮೆ ಬೇಗ ಮುಗಿಯುತ್ತದೆ. ಹಾಗಾಗಿ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಈ ಹಾಳೆಯನ್ನೇ ಕೈಗಿಡಬಹುದು.

ನಿಮ್ಮ ಟಿವಿಯ ಮಾಮೂಲಿ ರಿಮೋಟಿನ ಮೂತಿಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಎಲ್‌ಇಡಿ ಇರುತ್ತದೆ. ಅದು ಕೊಡುವುದು ಅವಗೆಂಪು ಬೆಳಕು, ಅಂಗಡಿಯ ಭಾಷೆಯಲ್ಲಿ ಐಆರ್. ತರಂಗದೂರ ಸಾಮಾನ್ಯವಾಗಿ 940 ನ್ಯಾನೊಮೀಟರ್ ಆಸುಪಾಸು, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಗುಂಡಿ ಒತ್ತಿದಾಗ ಈ ದೀಪ ಸುಮ್ಮನೆ ಹೊತ್ತಿಕೊಳ್ಳುವುದೂ ಇಲ್ಲ, ಸೆಕೆಂಡಿಗೆ ಸುಮಾರು 38,000 ಸಲದ ವೇಗದಲ್ಲಿ ಮಿನುಗುತ್ತದೆ. ಆ ಮಿನುಗನ್ನು ಒಂದಿಷ್ಟು ಹೊತ್ತು ಇಟ್ಟು, ಒಂದಿಷ್ಟು ಹೊತ್ತು ನಿಲ್ಲಿಸಿ, ಮತ್ತೆ ಇಟ್ಟು, ಹಳೆಯ ತಂತಿ (ಟೆಲಿಗ್ರಾಫ್) ಕಚೇರಿಯ ಕಟಕಟ ಸದ್ದಿನ ಹಾಗೆ ಸಂದೇಶ ಕಳಿಸುತ್ತದೆ. ತುಂಬಾ ಕಡೆ ಬಳಕೆಯಲ್ಲಿರುವ ಎನ್‌ಇಸಿ ಎಂಬ ಜಪಾನಿ ಕಂಪನಿಯ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಒಂದು ಕೂಗು, ಆಮೇಲೆ 4.5 ಮಿಲಿಸೆಕೆಂಡು ಮೌನ, ಅದರ ಹಿಂದೆ 32 ಬಿಟ್‌ಗಳು: ಯಾವ ಸಾಧನಕ್ಕೆ, ಯಾವ ಆಜ್ಞೆ. ನಿಮ್ಮ ಬೆರಳು ಗುಂಡಿಯಿಂದ ಮೇಲೇಳುವ ಮೊದಲೇ ಮಾತು ಮುಗಿದಿರುತ್ತದೆ. ಸೋನಿಯವರದು 40,000ದ ಲೆಕ್ಕ, ಫಿಲಿಪ್ಸ್‌ನ ಹಳೆಯ ಪದ್ಧತಿ 36,000ದ್ದು. (ಈ 38,000 ಎಲ್ಲಿಂದ ಬಂತು ಎಂದು ಕೇಳುವ ಹುಡುಗರು ನನಗೆ ಇಷ್ಟ. ಹಳೆಯ ರಿಮೋಟುಗಳ ಒಳಗೆ 455 ಕಿಲೋಹರ್ಟ್ಸ್‌ನ ಅಗ್ಗದ ರೆಸೊನೇಟರ್, ಅಂದರೆ ಸೆಕೆಂಡಿಗೆ 4,55,000 ಸಲ ತಾಳ ಹಾಕುವ ಬಿಡಿಭಾಗ, ಇರುತ್ತಿತ್ತು. ಅದನ್ನು 12ರಿಂದ ಭಾಗಿಸಿ ನೋಡಿ. ರಿಮೋಟ್ ಕೈಜಾರಿ ನೆಲಕ್ಕೆ ಬಿದ್ದು ಸತ್ತಿತೆಂದರೆ, ಹೆಚ್ಚಾಗಿ ಕಾಲು ಮುರಿದುಕೊಂಡದ್ದು ಇದೇ ರೆಸೊನೇಟರ್.)

ಈಗ ಆ್ಯಪ್ ಎಂದರೇನು? ಯಾವ ಕಂಪನಿಯ ಯಾವ ಗುಂಡಿಗೆ ಯಾವ ಮಿನುಗು ಎಂಬ ಪಟ್ಟಿ. ಅಷ್ಟೇ. ಸ್ವರಗಳನ್ನು ಬರೆದಿಟ್ಟ ಪುಸ್ತಕವಿದ್ದ ಹಾಗೆ. ಊದಲು ಕೊಳಲೇ ಇಲ್ಲದಿದ್ದರೆ ಪುಸ್ತಕ ಐದಾದರೇನು, ಐವತ್ತಾದರೇನು? ದೀಪವಿಲ್ಲದ ಫೋನಿನಲ್ಲಿ ಆ್ಯಪ್‌ನ ಗುಂಡಿ ಒತ್ತಿದರೆ ನಡುಗುವುದು ಫೋನು ಮಾತ್ರ. ಟಿವಿಯ ಕಡೆಗೆ ಏನೂ ಹೊರಡುವುದಿಲ್ಲ. ಸಂಕೇತ ದುರ್ಬಲವಾಗಿದೆ ಎಂದೂ ಅಲ್ಲ, ಹತ್ತಿರ ಹೋಗಬೇಕಿತ್ತು ಎಂದೂ ಅಲ್ಲ, ಕಂಪನಿ ತಪ್ಪಾಗಿ ಆರಿಸಿದ್ದೀರಿ ಎಂದೂ ಅಲ್ಲ. ಏನೂ ಹೊರಡುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ಜನರಿಗೆ ಯಾಕಿಷ್ಟು ಕಷ್ಟವೋ! ಫೋನಿನೊಳಗೆ ಬ್ಯಾಂಕೂ ಬಂದಿದೆ, ಬಸ್ ಟಿಕೆಟೂ ಬಂದಿದೆ, ರಿಮೋಟ್ ಯಾಕೆ ಬಾರದು ಎಂಬುದು ಅವರ ನ್ಯಾಯ. ಬ್ಯಾಂಕಿಗೆ ಬೆಳಕು ಬೇಡ ಸ್ವಾಮಿ.

ಮೇಷ್ಟರಿಗೆ ಬಾಯಲ್ಲಿ ಹೇಳಿದ್ದು ಸಾಲದೆಂದು ತೋರಿಸಿಯೇಬಿಟ್ಟೆ. ಅಂಗಡಿಯಲ್ಲಿದ್ದ ಹಳೆಯ ರಿಮೋಟ್ ಒಂದನ್ನು ಅವರ ಕೈಗೆ ಕೊಟ್ಟು, ನನ್ನ ಫೋನಿನ ಮುಂಭಾಗದ ಕ್ಯಾಮೆರಾ ತೆರೆದು ಹಿಡಿದೆ. ಫೋನಿನ ಹಿಂಬದಿಯ ಕ್ಯಾಮೆರಾಗಳಲ್ಲಿ ಅವಗೆಂಪನ್ನು ತಡೆಯುವ ಸೋಸು ಬಿಗಿಯಾಗಿರುವುದೇ ಹೆಚ್ಚು, ಸೆಲ್ಫಿ ಕ್ಯಾಮೆರಾ ಅಷ್ಟು ಕಟ್ಟುನಿಟ್ಟಲ್ಲ. "ಗುಂಡಿ ಒತ್ತಿ" ಎಂದೆ. ಪರದೆಯ ಮೇಲೆ ರಿಮೋಟಿನ ಮೂತಿಯಲ್ಲಿ ತಿಳಿನೇರಳೆ ಬೆಳಕು ಪಟಪಟ ಮಿನುಗಿತು. ಅವರು ರಿಮೋಟನ್ನು ಒಮ್ಮೆ ಬರಿಗಣ್ಣಿನಿಂದ ನೋಡಿದರು, ಒಮ್ಮೆ ಪರದೆಯಲ್ಲಿ ನೋಡಿದರು. ಆಮೇಲೆ ತಮ್ಮದೇ ಫೋನನ್ನು ಅದೇ ಕ್ಯಾಮೆರಾದ ಮುಂದೆ ಹಿಡಿದು ಆ್ಯಪ್‌ನ ಗುಂಡಿಯನ್ನು ಏಳೆಂಟು ಸಲ ಒತ್ತಿದರು. ಕತ್ತಲೆ. "ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ, ಅವಗೆಂಪು ಕಂಡದ್ದು ಇವತ್ತೇ" ಎಂದರು. ನಾಲ್ಕು ಆ್ಯಪ್‌ಗಳನ್ನು ಅಲ್ಲೇ ಅಳಿಸಿದೆವು. ಐದನೆಯದನ್ನು ಮೊಮ್ಮಗನಿಗೆ ತೋರಿಸಲು ಇಟ್ಟುಕೊಂಡರು.

ಈ ಕ್ಯಾಮೆರಾ ಪರೀಕ್ಷೆಯಲ್ಲಿ ಒಂದು ಮೋಸವಿದೆ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಇದನ್ನೇ ಹಿಡಿದು ನನ್ನ ಜೊತೆ ವಾದಕ್ಕೆ ನಿಂತಿದ್ದ. ಅವನ ಫೋನಿನ ಮುಖಭಾಗದಲ್ಲಿ, ಸ್ಪೀಕರಿನ ಪಕ್ಕ, ನೇರಳೆ ಚುಕ್ಕೆ ಮಿನುಗುವುದು ಗೆಳೆಯನ ಕ್ಯಾಮೆರಾದಲ್ಲಿ ಕಂಡಿತ್ತು. "ಐಆರ್ ಇದೆಯಲ್ಲ ಅಣ್ಣ!" ಇದೆ, ನಿಜ. ಆದರೆ ಅದು ಪ್ರಾಕ್ಸಿಮಿಟಿ ಸೆನ್ಸರಿನದು. ಕರೆ ಬಂದಾಗ ಫೋನನ್ನು ಕಿವಿಗೆ ಒತ್ತಿದೊಡನೆ ಪರದೆ ಆರಿಸುವುದಷ್ಟೇ ಅದರ ಕೆಲಸ. ಕೆಲವು ಇಂಚು ದೂರದ ಕೆನ್ನೆಗೆ ಸಾಕಾಗುವಷ್ಟು ಮಾತ್ರ ಅದರ ಶಕ್ತಿ, ಮೇಲಾಗಿ ಅದರ ಮಿನುಗು ಆ್ಯಪ್‌ಗಳ ಅಧೀನದಲ್ಲಿಲ್ಲ. ಐಫೋನಿನಲ್ಲಿ ಮುಖ ಗುರುತಿಸಲೆಂದು ಮುಂಭಾಗದಲ್ಲಿ ಅವಗೆಂಪು ದೀಪವಿರುವುದೂ ಸರಿ. ಆದರೆ ಟಿವಿಗೆ ಸಂಕೇತ ಕಳಿಸುವ ದೀಪವನ್ನು ಐಫೋನಿಗೆ ಇವತ್ತಿನವರೆಗೆ ಕೊಟ್ಟಿಲ್ಲ.

ಹಾಗಾದರೆ ಯಾವ ಫೋನಿನಲ್ಲಿದೆ? ವಿವರಪಟ್ಟಿಯಲ್ಲಿ "ಐಆರ್ ಬ್ಲಾಸ್ಟರ್" ಎಂದು ಬರೆದಿರಬೇಕು. ಫೋನಿನ ಮೇಲಂಚಿನಲ್ಲಿ ಕಪ್ಪನೆಯ ಹೊಳಪಿನ ಸಣ್ಣ ಕಿಂಡಿ ಕಾಣಬೇಕು. 2013ರಲ್ಲಿ ಗ್ಯಾಲಕ್ಸಿ ಎಸ್4, ಎಚ್‌ಟಿಸಿ ಒನ್, ಎಲ್‌ಜಿ ಜಿ2 ಬಂದಾಗ ಇದೊಂದು ಅಲೆಯೇ ಆಗಿತ್ತು. ಆ್ಯಪ್ ಬರೆಯುವವರು ಈ ದೀಪವನ್ನು ಬಳಸಿಕೊಳ್ಳುವ ದಾರಿಯೂ ಅದೇ ವರ್ಷ ಆಂಡ್ರಾಯ್ಡ್ 4.4ರಲ್ಲಿ ಬಂತು. 2016ರ ಎಸ್7ನಲ್ಲಿ ಸ್ಯಾಮ್‌ಸಂಗ್ ಅದನ್ನು ಕೈಬಿಟ್ಟಿತು. ಆದರೆ ಶಓಮಿ ಕಂಪನಿ ರೆಡ್ಮಿ ಸರಣಿಯ ಬಹಳಷ್ಟು ಫೋನುಗಳಲ್ಲಿ ಉಳಿಸಿಕೊಂಡು ಬಂದಿದೆ. ಎಲ್ಲದರಲ್ಲೂ ಇದೆ ಎಂದು ನಾನು ಹೇಳುತ್ತಿಲ್ಲ. ಕೊಳ್ಳುವ ಮುನ್ನ ನೆತ್ತಿ ನೋಡಿ.

ಇಲ್ಲದ ಫೋನಿಗೆ ಹೊರಗಿನಿಂದ ಸಿಕ್ಕಿಸುವ, ಐಆರ್ ದೀಪವಿರುವ ಪುಟ್ಟ ಗುಬಟುಗಳು (ಡಾಂಗಲ್) ಸಿಗುತ್ತವೆ. ಹೆಡ್‌ಫೋನ್ ಕಿಂಡಿಗೆ ಹಾಕುವ ತರಹದ್ದು ನನಗೆ ಅಚ್ಚುಮೆಚ್ಚು, ಬಳಸಲು ಅಲ್ಲ, ಅದರ ಉಪಾಯಕ್ಕೆ. ಹಾಡು ಕೇಳಿಸುವ ಭಾಗ 20,000ದ ಆಚೆಗೆ ಹೋಗಲು ತಿಣುಕುತ್ತದೆ, ನಮಗೆ ಬೇಕಾದದ್ದು 38,000. ಅದಕ್ಕೆ ಯಾರೋ ಜಾಣರು ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ತಿರುವಾಗಿ ಜೋಡಿಸಿ, 19,000ದ ಸದ್ದು ಕಳಿಸಿದರು. ಅಲೆ ಮೇಲೆದ್ದಾಗ ಒಂದು ದೀಪ, ಕೆಳಗಿಳಿದಾಗ ಇನ್ನೊಂದು. ಟಿವಿಯ ಪಾಲಿಗೆ ಲೆಕ್ಕ ಸರಿಹೋಯಿತು. ವಾಲ್ಯೂಮ್ ಪೂರ್ತಿ ಏರಿಸಿದರೆ ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನು ಮರೆತು "ಡಬ್ಬಾ ಮಾಲು" ಎಂದು ವಾಪಸ್ ತಂದವರಿದ್ದಾರೆ. ಈಗ ಹೆಡ್‌ಫೋನ್ ಕಿಂಡಿಯೇ ಮರೆಯಾಗುತ್ತಿದೆ, ಚಾರ್ಜಿಂಗ್ ಕಿಂಡಿಗೆ ಹಾಕುವ ಗುಬಟುಗಳು ಬಂದಿವೆ. ನಿಮ್ಮ ಫೋನಿಗೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ಹಾಕಿ ನೋಡದೆ ದುಡ್ಡು ಕೊಡಬೇಡಿ.

ಸ್ಮಾರ್ಟ್ ಟಿವಿಯ ಕಥೆ ಬೇರೆ. ಅಲ್ಲಿ ಫೋನು ಮಾತಾಡುವುದು ವೈಫೈ ಮೂಲಕ, ನೆತ್ತಿಯ ದೀಪ ಬೇಕಿಲ್ಲ. ಟಿವಿಯೂ ಫೋನೂ ಒಂದೇ ವೈಫೈನಲ್ಲಿರಬೇಕು, ಅತಿಥಿಗಳಿಗೆಂದು ಬೇರೆ ಮಾಡಿಟ್ಟ ವೈಫೈನಲ್ಲಿ ಅಲ್ಲ. ಮೊದಲ ಸಲ ಪರದೆಯ ಮೇಲೆ ಬರುವ ಸಂಕೇತಾಕ್ಷರಗಳನ್ನು ಫೋನಿನಲ್ಲಿ ಒತ್ತಬೇಕು. ಇಷ್ಟು ಎಲ್ಲರಿಗೂ ಗೊತ್ತು. ಮಲಗುವ ಮುನ್ನ ಗೋಡೆಯ ಸ್ವಿಚ್ ಆರಿಸುವ ನಮ್ಮ ಮನೆಗಳ ಶಿಸ್ತು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಸ್ವಿಚ್ ಆರಿದ ಟಿವಿಗೆ ವೈಫೈ ಇಲ್ಲ, ಫೋನಿನ ಕೂಗು ಕೇಳಿಸುವುದಿಲ್ಲ. ಬೆಳಿಗ್ಗೆ "ಟಿವಿ ಸಿಗುತ್ತಿಲ್ಲ" ಎಂದು ನನಗೆ ಕರೆ. ಸ್ವಿಚ್ ಆರಿಸುವುದು ತಪ್ಪು ಎನ್ನಲಾರೆ, ಮಳೆಗಾಲದಲ್ಲಿ ನಾನೇ ಆರಿಸಿ ಎನ್ನುತ್ತೇನೆ. ಎದ್ದು ಹೋಗಿ ಸ್ವಿಚ್ ಹಾಕಿದವರು ಅಲ್ಲೇ ಟಿವಿಯ ಗುಂಡಿಯನ್ನೂ ಒತ್ತಿದರಾಯಿತು. ಇನ್ನು ಸ್ಮಾರ್ಟ್ ಟಿವಿಗೆ ಕಟ್ಟಿದ ಕೇಬಲ್ಲಿನ ಸೆಟ್‌ಟಾಪ್ ಬಾಕ್ಸ್ ಇದೆಯಲ್ಲ, ಅದು ಹೆಚ್ಚಿನ ಮನೆಗಳಲ್ಲಿ ಐಆರ್ ಕಾಲದ್ದೇ. ಟಿವಿಯ ಆ್ಯಪ್ ಸದ್ದು ಏರಿಸೀತು, ಚಾನೆಲ್ ಬದಲಿಸದು.

ನೆತ್ತಿಯಲ್ಲಿ ದೀಪವಿದ್ದ ಅದೃಷ್ಟವಂತರಿಗೂ ಎಸಿಯ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಊರಿನ ಏಪ್ರಿಲ್ ಎಂಥದ್ದೆಂದು ಗೊತ್ತಿದ್ದವರಿಗೆ ಗೊತ್ತು. ಆ ದಿನಗಳಲ್ಲಿ ಒಂದು ಮನೆಯಿಂದ ಕರೆ: ಎಸಿ ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ತಾಯಿ 26ಕ್ಕೆ ಇಟ್ಟು ಮಲಗುತ್ತಾರೆ, ನಡುರಾತ್ರಿ ಚಳಿಯಿಂದ ಎಚ್ಚರವಾಗುತ್ತದೆ, ರಿಮೋಟಿನಲ್ಲಿ ನೋಡಿದರೆ 26 ಎಂದೇ ಇದೆ. ಅಷ್ಟರಲ್ಲಿ ಬೇರೊಬ್ಬ ಮೆಕ್ಯಾನಿಕ್ ಬಂದು ಬೋರ್ಡ್ ಬದಲಿಸಬೇಕೆಂದು ಹೇಳಿ ಹೋಗಿದ್ದ. ನಾನು ಬೋರ್ಡ್ ಬಿಚ್ಚುವ ಮೊದಲು ಮಗನ ಫೋನು ಕೇಳಿದೆ. ರೆಡ್ಮಿ. ನೆತ್ತಿಯಲ್ಲಿ ಕಿಂಡಿ.

"ರಾತ್ರಿ ಎಸಿಗೆ ಏನು ಮಾಡುತ್ತೀಯಪ್ಪ?"

"ಏನೂ ಇಲ್ಲ ಅಂಕಲ್. ಫ್ಯಾನ್ ಸ್ವಲ್ಪ ಜೋರು ಮಾಡುತ್ತೇನೆ, ಅಷ್ಟೇ."

ಅಷ್ಟೇ ಸಾಕು. ಟಿವಿಯ ರಿಮೋಟ್ "ಒಂದು ಮೆಟ್ಟಿಲು ಏರಿಸು" ಎಂದು ಹೇಳುತ್ತದೆ. ಎಸಿ ರಿಮೋಟುಗಳು ಸಾಮಾನ್ಯವಾಗಿ ಹಾಗೆ ಹೇಳುವುದಿಲ್ಲ. ಯಾವ ಗುಂಡಿ ಒತ್ತಿದರೂ ಪೂರ್ತಿ ಪಟ್ಟಿಯನ್ನೇ ಓದುತ್ತವೆ: ತಂಪು ಮಾಡು, ಇಷ್ಟು ಡಿಗ್ರಿ, ಫ್ಯಾನ್ ಇಷ್ಟು, ರೆಕ್ಕೆ ಹೀಗೆ ಬೀಸಲಿ. ಆ ಪಟ್ಟಿ ಇರುವುದು ಎಸಿಯಲ್ಲಲ್ಲ, ರಿಮೋಟಿನ ನೆನಪಿನಲ್ಲಿ. ಎಸಿ ತಿರುಗಿ ಉತ್ತರ ಕೊಡುವುದಿಲ್ಲ, ಆದ್ದರಿಂದ ಒಂದು ರಿಮೋಟ್ ಹೇಳಿದ್ದು ಇನ್ನೊಂದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಮಗನ ಆ್ಯಪ್‌ನ ನೆನಪಿನಲ್ಲಿ 18 ಕುಳಿತಿತ್ತು. ಅವನು ಫ್ಯಾನ್ ಗುಂಡಿ ಒತ್ತಿದಾಗೆಲ್ಲ ಫ್ಯಾನಿನ ಜೊತೆಗೆ 18 ಕೂಡ ಹೋಗುತ್ತಿತ್ತು. ತಾಯಿಯ ರಿಮೋಟ್ ಪಾಪ ತನಗೆ ಗೊತ್ತಿದ್ದ 26ನ್ನೇ ತೋರಿಸುತ್ತಿತ್ತು. ರಿಮೋಟಿನ ಆ ಗಾಜಿನ ಕಿಟಕಿಯ ಅಂಕಿ ಕೋಣೆಯ ತಾಪವೂ ಅಲ್ಲ, ಎಸಿಯ ಮನಸ್ಸೂ ಅಲ್ಲ. ರಿಮೋಟ್ ಕೊನೆಯ ಸಲ ಏನು ಹೇಳಿತೋ ಅದು. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎಸಿಗಳು 24 ಡಿಗ್ರಿಗೆ ಹೊಂದಿಸಿಕೊಂಡೇ ಬರಬೇಕೆಂಬ ನಿಯಮ ನಮ್ಮಲ್ಲಿದೆ, ಆದರೆ ಇಬ್ಬರು ಎರಡು ರಿಮೋಟ್ ಹಿಡಿದ ಮನೆಯಲ್ಲಿ ಅದು ಎಷ್ಟು ಹೊತ್ತು ನಿಂತೀತು? ಒಂದು ಎಸಿಗೆ ಒಂದೇ ಯಜಮಾನ ರಿಮೋಟ್ ಇಟ್ಟುಕೊಳ್ಳಿ. ಎಲ್ಲ ತಾನಾಗಿ ಬದಲಾಗುವ ಎಸಿಗಳೂ ಹೀಗೆಯೇ ಎನ್ನಲಾರೆ, ಬೋರ್ಡ್ ನಿಜವಾಗಿ ಕೆಡುವುದೂ ಉಂಟು. ಆದರೆ ಬೋರ್ಡಿಗೆ ಕೈಹಾಕುವ ಮೊದಲು ಮನೆಯವರ ಫೋನುಗಳನ್ನು ಎಣಿಸಿ.

ಫೋನನ್ನೇ ರಿಮೋಟ್ ಮಾಡಿಕೊಂಡವರು ಹಳೆಯದನ್ನು ಎಸೆಯುವುದು ನನಗೆ ಸಹಿಸದ ಇನ್ನೊಂದು ವಿಷಯ. ಫೋನು ಮನೆಯ ಯಜಮಾನನ ಜೇಬಿನಲ್ಲಿ ಕಚೇರಿಗೆ ಹೋಗುತ್ತದೆ, ಟಿವಿ ಮನೆಯಲ್ಲಿ ಉಳಿಯುತ್ತದೆ. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಆದದ್ದು ಹಾಗೆಯೇ. ಮಧ್ಯಾಹ್ನದ ಧಾರಾವಾಹಿಗೆ ಮಗ ಬರುವವರೆಗೆ ಕಾಯಬೇಕು, ಅವನು ಬರುವುದು ಸಂಜೆ ಏಳಕ್ಕೆ. ಮಗ ಗುಜರಿಗೆ ಹಾಕಲೆಂದು ಎತ್ತಿಟ್ಟಿದ್ದ ರಿಮೋಟನ್ನು ಅವರೇ ಹುಡುಕಿ, ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಸೆಲ್ಲು ಸೋರಿ ಸ್ಪ್ರಿಂಗಿಗೆ ಹಸಿರು ಹಿಡಿದಿತ್ತು, ಒಳಗೆ ಇರುವೆಗಳ ಸಂಸಾರವಿತ್ತು. ಸ್ಪ್ರಿಂಗ್ ಉಜ್ಜಿ, ರಬ್ಬರಿನ ಗುಂಡಿಹಾಳೆಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಬೋರ್ಡನ್ನು ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸಿದೆ. ಸದ್ದಿನ ಗುಂಡಿಯ ಕೆಳಗಿನ ಇಂಗಾಲ ಸವೆದಿತ್ತು, ಇನ್ನೊಂದು ಸತ್ತ ರಿಮೋಟಿನಿಂದ ಕಿತ್ತು ಅಂಟಿಸಿದೆ. ಕ್ಯಾಮೆರಾದ ಮುಂದೆ ಹಿಡಿದರೆ ನೇರಳೆ ಮಿನುಗು ಬಂತು.

ಅಜ್ಜಿ ಪರದೆ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಗುಂಡಿಗಳನ್ನು ಒಂದೊಂದಾಗಿ ಸವರಿದರು. "ಇದು ಸದ್ದು, ಇದು ಮೇಲೆ, ಇದು ಕೆಳಗೆ. ಸರಿ ಇದೆ" ಎಂದು, ಹಳೆಯ ಪ್ಲಾಸ್ಟಿಕ್ ಕವರನ್ನು ಕೇಳಿ ಪಡೆದು, ಅದೇ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಕೊಂಡರು. ಕವರಿನೊಳಗೆ ಬೆವರು ನಿಲ್ಲುತ್ತದೆ, ಬೇಡ ಎಂದು ಹೇಳಲು ಹೋಗಿ ಸುಮ್ಮನಾದೆ. ಎರಡೂವರೆಗೆ ಧಾರಾವಾಹಿ ಶುರುವಾಗುವುದಿತ್ತು, ಆಗಲೇ ಎರಡೂಕಾಲು ದಾಟಿತ್ತು.