ಗೊಂಬೆ ಕೂರಿಸುವ ಕಾಲದಲ್ಲಿ ಒಂಟಿತನದ ಮಾತು

ವಿಜಯದಶಮಿ ದಿನ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆ ಗುಂಪಿನ ನಟ್ಟನಡುವೆ ನಿಂತವರಿಗೂ ಒಂಟಿ ಅನ್ನಿಸಬಹುದು. ಒಂಟಿತನವನ್ನು ಅಳೆಯುವವರು ಸುತ್ತ ಎಷ್ಟು ತಲೆ ಇವೆ ಅಂತ ಎಣಿಸುವುದಿಲ್ಲ. ನಮಗೆ ಎಷ್ಟು ಆಪ್ತತೆ ಬೇಕು, ಎಷ್ಟು ಸಿಕ್ಕಿದೆ, ಇವೆರಡರ ನಡುವಿನ ಕೊರತೆಯನ್ನು ನೋಡುತ್ತಾರೆ. ತೋಟದ ಮನೆಯಲ್ಲಿ ಒಬ್ಬರೇ ಇದ್ದು ನೆಮ್ಮದಿಯಾಗಿರುವವರು ಇದ್ದಾರೆ. ಪಿಜಿಯಲ್ಲಿ ಒಂದೇ ಕೋಣೆಗೆ ನಾಲ್ಕು ಮಂದಿ ಇದ್ದರೂ ವಾರಗಟ್ಟಲೆ ಮನಸ್ಸು ಬಿಚ್ಚಿ ಯಾರ ಹತ್ತಿರವೂ ಮಾತಾಡದ ಹುಡುಗರೂ ಇದ್ದಾರೆ. ಕುವೆಂಪುನಗರ, ಸರಸ್ವತಿಪುರಂ ಕಡೆ ಹೋದರೆ ಮಕ್ಕಳೆಲ್ಲ ಬೆಂಗಳೂರಿಗೋ ವಿದೇಶಕ್ಕೋ ಹೋಗಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದವರು, ಆಮೇಲೆ ಒಬ್ಬರೇ ಆದವರು ಎಷ್ಟು ಜನ!

ಇದನ್ನು ದೊಡ್ಡ ಆರೋಗ್ಯದ ಸಮಸ್ಯೆ ಅಂತ ಜಗತ್ತಿಗೆ ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರ ಬೇರು ನಮ್ಮ ಮಂಡ್ಯದಲ್ಲೇ ಇದೆ. ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಹಿರಿಯ ವೈದ್ಯಾಧಿಕಾರಿ, ಆಗಿದ್ದಾಗ, 2023ರಲ್ಲಿ, ಒಂಟಿತನದ ಬಗ್ಗೆ ದೇಶಕ್ಕೇ ಎಚ್ಚರಿಕೆ ಹೊರಡಿಸಿದರು. ಜನರ ಒಡನಾಟ ಇಲ್ಲದಿದ್ದರೆ ಆಯಸ್ಸಿಗೆ ಆಗುವ ಹಾನಿ ದಿನಕ್ಕೆ 15 ಸಿಗರೇಟು ಸೇದಿದಷ್ಟು ಇರಬಹುದು ಅಂತ ಅದರಲ್ಲಿತ್ತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿಯೂ ಬಂತು: ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಈ ಕಾಟ ಇದೆ.

ಅದು ದೇಹಕ್ಕೆ ಯಾಕೆ ತಾಗುತ್ತದೆ? ಷಿಕಾಗೊ ವಿಶ್ವವಿದ್ಯಾಲಯದ ಜಾನ್ ಕ್ಯಾಸಿಯೊಪ್ಪೊ ಜೀವಮಾನದ ಬಹುಪಾಲು ಇದನ್ನೇ ಅಧ್ಯಯನ ಮಾಡಿದರು. ಅವರ ಪ್ರಕಾರ ಒಂಟಿತನ ಹಸಿವಿನ ಥರದ ಒಂದು ಸೂಚನೆ. ಗುಂಪಿನಲ್ಲಿ ಬದುಕಿ ಉಳಿದ ಪ್ರಾಣಿ ನಾವು. ಗುಂಪು ತಪ್ಪಿದರೆ ದೇಹ ನೋವು ಕೊಟ್ಟು ವಾಪಸ್ ಕಳಿಸುತ್ತದೆ. 2020ರಲ್ಲಿ ಅಮೆರಿಕದ ಎಂಐಟಿಯಲ್ಲಿ ಲಿವಿಯಾ ಟೊಮೋವಾ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. 40 ಜನರನ್ನು ಒಂದು ದಿನ ಹತ್ತು ಗಂಟೆ ಯಾರ ಸಂಪರ್ಕವೂ ಇಲ್ಲದೆ ಕೂರಿಸಿದರು, ಇನ್ನೊಂದು ದಿನ ಹತ್ತು ಗಂಟೆ ಉಪವಾಸ ಇರಿಸಿದರು. ಆಮೇಲೆ ಮಿದುಳಿನ ಸ್ಕ್ಯಾನ್. ಹಸಿದವರಿಗೆ ಊಟದ ಚಿತ್ರ ತೋರಿಸಿದಾಗ ಮಿದುಳಿನ ನಡುಭಾಗದಲ್ಲಿ ಯಾವ ಜಾಗ ಚುರುಕಾಗುತ್ತಿತ್ತೋ, ಒಂಟಿಯಾಗಿದ್ದವರಿಗೆ ಜನ ಬೆರೆತು ನಗುವ ಚಿತ್ರ ತೋರಿಸಿದಾಗಲೂ ಅದೇ ಜಾಗ ಚುರುಕಾಯಿತು.

ಆದರೆ ಹಸಿದವರು ಊಟದ ಕಡೆ ನಡೆಯುತ್ತಾರೆ, ತುಂಬಾ ದಿನ ಒಂಟಿಯಾಗಿದ್ದವರು ಜನರಿಂದ ದೂರ ಸರಿಯುತ್ತಾರೆ. ತೊಡಕು ಇರುವುದೇ ಇಲ್ಲಿ. ಗುಂಪಿನಿಂದ ಹೊರಗಿದ್ದೇನೆ ಅನ್ನಿಸಿದ ಮನಸ್ಸು ಅಪಾಯ ಹುಡುಕಲು ಶುರು ಮಾಡುತ್ತದೆ. ಪಕ್ಕದ ಮನೆಯವರು ನಮಸ್ಕಾರ ಹೇಳದೆ ಹೋದರೆ 'ಅವಸರದಲ್ಲಿದ್ದರೇನೋ' ಅಂದುಕೊಳ್ಳುವ ಬದಲು 'ನನ್ನನ್ನು ಕಂಡರೆ ಆಗಲ್ಲ' ಅಂದುಕೊಳ್ಳುತ್ತದೆ. ಒಂಟಿತನ ಕಡಿಮೆ ಮಾಡುವ ಪ್ರಯತ್ನಗಳನ್ನೆಲ್ಲ 2011ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಸುಮ್ನೆ ಜನರನ್ನು ಒಂದು ಕಡೆ ಸೇರಿಸಿದ್ದಕ್ಕಿಂತ ಈ ತಪ್ಪು ಎಣಿಕೆಯನ್ನು ಸರಿಪಡಿಸಿದ್ದೇ ಜಾಸ್ತಿ ಫಲ ಕೊಟ್ಟಿತ್ತು. ಈ ಎಣಿಕೆ ಹೆಚ್ಚಾಗಿ ತಪ್ಪೇ ಆಗಿರುತ್ತದೆ ಅನ್ನುವುದಕ್ಕೂ ಪುರಾವೆ ಇದೆ. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಸಂಗಡಿಗರು ಅಪರಿಚಿತರನ್ನು ಮಾತಾಡಲು ಬಿಟ್ಟು ಆಮೇಲೆ ಇಬ್ಬರನ್ನೂ ಕೇಳಿದರು. ಎದುರಿನವರು ತಮ್ಮನ್ನು ಎಷ್ಟು ಇಷ್ಟಪಟ್ಟಿದ್ದರೋ ಅದಕ್ಕಿಂತ ಕಡಿಮೆ ಅಂತಲೇ ಜನ ಊಹಿಸಿದ್ದರು.

ಹಾಗಾದರೆ 'ನಾನು ಹೋದರೆ ಏನಂದುಕೊಳ್ಳುತ್ತಾರೋ' ಅನ್ನುವ ಭಯಕ್ಕೆ ಅವಕಾಶವೇ ಕೊಡದ ಕೂಟ ಬೇಕು. ನನಗೆ ನಮ್ಮ ಬೊಂಬೆ ಹಬ್ಬದ ಬೆಲೆ ಗೊತ್ತಾಗುವುದು ಇಲ್ಲೇ. ನವರಾತ್ರಿಯ ಸಂಜೆ ಮಕ್ಕಳು ಯಾರ ಮನೆ ಬಾಗಿಲಿಗೆ ಬೇಕಾದರೂ ಹೋಗಿ 'ಗೊಂಬೆ ಕೂರ್ಸಿದ್ದೀರಾ?' ಅಂತ ಕೇಳಬಹುದು. ಪರಿಚಯ ಬೇಕಿಲ್ಲ, ಆಹ್ವಾನ ಬೇಕಿಲ್ಲ. ಪಟ್ಟದ ಗೊಂಬೆ ನೋಡುವುದು, ಒಂದು ಹಾಡು ಹೇಳುವುದು, ಬೊಂಬೆ ಬಾಗಿನ ತಿನ್ನುವುದು, ಮುಂದಿನ ಮನೆಗೆ ಓಡುವುದು. ಏನು ಮಾತಾಡಬೇಕು ಅನ್ನುವುದೂ ಮೊದಲೇ ಗೊತ್ತು. ಬಾಗಿಲು ತೆರೆಯುವ ಅಜ್ಜಿಗೂ ಅಷ್ಟೇ, ಹತ್ತು ಸಂಜೆ ಯಾರಾದರೂ ಬಂದೇ ಬರುತ್ತಾರೆ ಅಂತ ಗೊತ್ತಿರುತ್ತದೆ, ಚಕ್ಕುಲಿ ಕರಿಯಲು ಒಂದು ಕಾರಣ ಇರುತ್ತದೆ. ಇದೆಲ್ಲ ದೊಡ್ಡವರಿಗೂ ಯಾಕೆ ಇರಬಾರದು? ಪಿಜಿ ಹುಡುಗರು ಬೀದಿಯ ನಾಲ್ಕು ಮನೆ ಗೊಂಬೆ ನೋಡಲು ಹೋದರೆ ಬೇಡ ಅನ್ನುವ ಮೈಸೂರಿನವರು ಕಡಿಮೆ.

ಒಂದು ಭೇಟಿಯಿಂದ ಸ್ನೇಹ ಆಗುವುದಿಲ್ಲ, ನಿಜ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ ಪರಿಚಯ ಸಾಧಾರಣ ಗೆಳೆತನ ಆಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಆಪ್ತ ಗೆಳೆತನಕ್ಕೆ 200ಕ್ಕೂ ಜಾಸ್ತಿ. ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದಬೇಕಿಲ್ಲ, ಆದರೂ ಸಮಯ ಬೇಕು ಅನ್ನುವುದು ಎಲ್ಲ ಕಡೆಗೂ ಒಂದೇ ಅಲ್ವಾ? ಅದಕ್ಕೇ ಜಂಬೂಸವಾರಿಯ ಒಂದು ದಿನಕ್ಕಿಂತ ಅದರ ಹಿಂದಿನ ವಾರಗಳು ಹೆಚ್ಚು ಉಪಯೋಗದವು. ಗಜಪಯಣ ಮುಗಿಸಿ ಆನೆಗಳು ಅರಮನೆಗೆ ಬಂದ ಮೇಲೆ ಬೆಳಿಗ್ಗೆ ಸಂಜೆ ಬನ್ನಿಮಂಟಪದ ದಾರಿಯಲ್ಲಿ ತಾಲೀಮು ನಡೆಯುತ್ತದೆ. ದಿನಾ ಒಂದೇ ಮೂಲೆಯಲ್ಲಿ ನಿಂತು ನೋಡಿ. ವಾರದಲ್ಲಿ ಅಲ್ಲಿನ ಮುಖಗಳು ಗುರುತಾಗುತ್ತವೆ, ಮಾತಿಗೆ ಆನೆಯೇ ಇರುತ್ತದೆ. ದಿನಕ್ಕೆ ಒಂದು ಗಂಟೆಯಂತೆ ದಸರೆವರೆಗೆ ಹೋದರೆ ಹಾಲ್ ಹೇಳಿದ 50 ಗಂಟೆ ಹತ್ತಿರ ಬಂದೇ ಬಿಡುತ್ತದೆ.

ಇನ್ನೂ ಬೇಗ ಬೆರೆಯಬೇಕಾದರೆ ಹಾಡು, ಕುಣಿತ. ರಾಬಿನ್ ಡನ್ಬಾರ್ ಅವರ ಆಕ್ಸ್‌ಫರ್ಡ್ ತಂಡ ಏಳು ತಿಂಗಳ ವಯಸ್ಕರ ತರಗತಿಗಳನ್ನು ಗಮನಿಸಿತು. ಹಾಡುವವರು, ಬರೆಯುವವರು, ಕರಕುಶಲ ಕೆಲಸ ಮಾಡುವವರು, ಮೂರೂ ಗುಂಪು ಕೊನೆಗೆ ಒಂದೇ ಥರ ಹತ್ತಿರವಾದವು. ಹಾಡುವವರು ಮಾತ್ರ ಮೊದಲ ತಿಂಗಳಲ್ಲೇ ಬೆರೆತುಬಿಟ್ಟರು. ಒಟ್ಟಿಗೆ ತಾಳ ಹಿಡಿದು ಮೈ ಅಲ್ಲಾಡಿಸಿದಾಗ ಮಿದುಳಿನಲ್ಲಿ ನೋವು ತಗ್ಗಿಸಿ ಹಿತ ಕೊಡುವ ಎಂಡಾರ್ಫಿನ್ ಅನ್ನುವ ರಾಸಾಯನಿಕ ಹೆಚ್ಚುತ್ತದೆ ಅನ್ನುವುದು ಅವರ ವಿವರಣೆ. ಹಾಗೆ ಕುಣಿದ ಮೇಲೆ ನೋವು ತಡೆಯುವ ಶಕ್ತಿ ಏರಿದ್ದು ಅವರ ಬೇರೆ ಪ್ರಯೋಗಗಳಲ್ಲಿ ಕಂಡಿದೆ. ಮಂಡ್ಯದ ಹಳ್ಳಿಗಳ ಕೋಲಾಟವನ್ನು ನೋಡಿ: ನನ್ನ ಕೋಲು ನಿಮ್ಮ ಕೋಲಿಗೆ ಸರಿಯಾದ ಹೊತ್ತಿಗೆ ತಾಗಲೇಬೇಕು. ಅಲ್ಲಿ ಪ್ರೇಕ್ಷಕನಾಗಿ ನಿಲ್ಲುವುದಕ್ಕಿಂತ ತಾಲೀಮಿನ ಸಾಲಿಗೆ ಸೇರುವುದು ಒಳ್ಳೆಯದು, ತಪ್ಪು ಹೆಜ್ಜೆ ಹಾಕಿದರೂ ಪರವಾಗಿಲ್ಲ.

ಒಂದು ಮಾತು ಹೇಳಲೇಬೇಕು. ಅರಿಸಿನ ಕುಂಕುಮಕ್ಕೆ ಗಂಡನನ್ನು ಕಳೆದುಕೊಂಡ ಹೆಂಗಸರನ್ನು ಬಿಟ್ಟು ಕರೆಯುವ ಮನೆಗಳು ಇನ್ನೂ ಇವೆ. ಬೀದಿಯಲ್ಲಿ ಎಲ್ಲರಿಗಿಂತ ಒಂಟಿಯಾಗಿರುವವರನ್ನೇ ಹಬ್ಬದ ದಿನ ಹೊರಗಿಡುವುದು ಕ್ರೂರ. ಜಾತಿ, ಧರ್ಮ ನೋಡಿ ಬಾಗಿಲು ತೆರೆಯುವುದೂ ಅಷ್ಟೇ. ಇದನ್ನು ಸರಿಮಾಡಲು ಯಾವ ಸಂಶೋಧನೆಯೂ ಬೇಕಾಗಿಲ್ಲ, ಮನೆಯವರು ಮನಸ್ಸು ಮಾಡಿದರೆ ಸಾಕು.

ದುಃಖ ವಾರಗಟ್ಟಲೆ ಬಿಡದೆ ನಿದ್ದೆ, ಊಟ ಕೆಟ್ಟಿದ್ದರೆ ಹಬ್ಬವೊಂದೇ ಸಾಲದು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ನನ್ನ ಕೋರಿಕೆ ಇಷ್ಟೇ. ಪಕ್ಕದ ಮನೆಯ ಹಿರಿಯರಿಗೆ ತಟ್ಟೆಯಲ್ಲಿ ತಿಂಡಿ ಕಳಿಸಿ ಮುಗಿಸಬೇಡಿ, ಕೆಲಸಕ್ಕೆ ಕರೆಯಿರಿ. ಹಂತ ಜೋಡಿಸಲು, ಗೊಂಬೆಗೆ ಸೀರೆ ಉಡಿಸಲು, ಹಬ್ಬ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಲು. ಆಮೇಲೆ ಕಾರ್ತಿಕದ ದೀಪಕ್ಕೆ ಬತ್ತಿ ಹೊಸೆಯುವುದು ಹೇಗೂ ಇದೆ, ಅದಕ್ಕೂ ಅವರೇ ಬರಲಿ.