ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ: ರಾತ್ರಿ ಟೆಂಟ್ ಎಲ್ಲಿ ಹಾಕುವುದು?

ಪ್ರಶ್ನೆ: ಸೆಪ್ಟೆಂಬರಿನಲ್ಲಿ ಲುವಾರ್ ನದಿ ಪಕ್ಕದ ಹಳ್ಳಿಗಳಲ್ಲಿ ಎರಡು ವಾರ ಸೈಕಲ್ ತುಳಿಯಬೇಕೆಂದಿದ್ದೇನೆ. ದಿನಾ ಹೋಟೆಲ್ ಬಾಡಿಗೆ ಕೊಡುವಷ್ಟು ದುಡ್ಡಿಲ್ಲ. ಎಲ್ಲಿ ಕತ್ತಲಾಗುತ್ತದೋ ಅಲ್ಲೇ ಟೆಂಟ್ ಹಾಕಿ ಮಲಗಬಹುದೇ?

ಹಾಗೆ ಮಾಡಬೇಡಿ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಕಡಲತೀರ, ರಕ್ಷಿತ ತಾಣ, ಕುಡಿಯುವ ನೀರಿನ ಮೂಲದಿಂದ 200 ಮೀಟರ್ ಒಳಗಿನ ಜಾಗ, ಇಲ್ಲೆಲ್ಲ ನಿಷೇಧವಿದೆ. ಇದರ ಮೇಲೆ ಆಯಾ ಊರಿನ ಮೇಯರ್ ಬೇರೆ ಆದೇಶ ಹೊರಡಿಸಿರಬಹುದು. ಲುವಾರ್ ನಡುವಿನ ಮರಳ ದಿಬ್ಬಗಳನ್ನು ನೋಡಿದರೆ ಅಲ್ಲೇ ಮಲಗಬೇಕೆನಿಸುತ್ತದೆ; ಆಸೆಪಡಬೇಡಿ. ಬೇಸಿಗೆಯಲ್ಲಿ ರೀವ ಹಕ್ಕಿಗಳು ಅಲ್ಲಿ ಮೊಟ್ಟೆಯಿಡುತ್ತವೆ. ಸೆಪ್ಟೆಂಬರಿಗೆ ಮರಿಗಳು ಹಾರಿಹೋಗಿದ್ದರೂ, ನದಿ ಹರಿದುಬರುವ ಕಡೆಯ, ದೂರದ ‘ಸೆವೆನ್’ ಎಂಬ ಬೆಟ್ಟಸಾಲಿನಲ್ಲಿ ಜೋರು ಮಳೆಯಾದರೆ ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ನದಿ ಏರಬಹುದು.

ನಿಮಗೆ ಬೇಕಾದದ್ದು ‘ಕಾಂಪಿಂಗ್ ಮ್ಯುನಿಸಿಪಾಲ್’. ನಮ್ಮ ಗ್ರಾಮ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯೇ ನಡೆಸುವ ಟೆಂಟ್ ಮೈದಾನ ಇದು. ಹುಲ್ಲುನೆಲ, ಬಿಸಿನೀರಿನ ಸ್ನಾನ, ಪಾತ್ರೆ ತೊಳೆಯುವ ತೊಟ್ಟಿ ಎಲ್ಲ ಇರುತ್ತದೆ. ಒಬ್ಬರಿಗೆ ಒಂದು ಪುಟ್ಟ ಟೆಂಟಿಗೆ ಸಾಮಾನ್ಯವಾಗಿ 8ರಿಂದ 15 ಯೂರೊ. ಇಂಥ ಕಡೆ ಕಚೇರಿ ಬೆಳಿಗ್ಗೆ, ಸಂಜೆ ಕೆಲವೇ ಗಂಟೆ ತೆರೆದಿರುತ್ತದೆ. ಬಾಗಿಲು ಹಾಕಿದ್ದರೆ ಗಾಬರಿ ಬೇಡ, ಅಲ್ಲಿ ಅಂಟಿಸಿರುವ ಚೀಟಿ ಓದಿ. ‘ಟೆಂಟ್ ಹಾಕಿಕೊಳ್ಳಿ, ಆಮೇಲೆ ಬಂದು ದುಡ್ಡು ತೆಗೆದುಕೊಳ್ಳುತ್ತೇವೆ’ ಎಂದೇ ಎಷ್ಟೋ ಕಡೆ ಬರೆದಿರುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ. ಟಾಯ್ಲೆಟ್ ಪೇಪರ್ ಮತ್ತು ಸೋಪು ನಿಮ್ಮದೇ ಇರಲಿ, ಅಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ.

ಸೆಪ್ಟೆಂಬರಿನ ತೊಡಕು ಬೇರೆ. ಸಣ್ಣ ಊರುಗಳ ಮೈದಾನಗಳು ತಿಂಗಳ ನಡುವಿನಿಂದಲೇ ಒಂದೊಂದಾಗಿ ಮುಚ್ಚತೊಡಗುತ್ತವೆ. ಹಿಂದಿನ ದಿನವೇ ಫೋನ್ ಮಾಡಿ, ಇಲ್ಲವೇ ಊರಿನ ‘ಮೇರಿ’ಯಲ್ಲಿ, ಅಂದರೆ ಪುರಸಭೆ ಕಚೇರಿಯಲ್ಲಿ, ವಿಚಾರಿಸಿ. ಮುಚ್ಚಿದ್ದರೆ ರೈತರ ಮನೆ ಬಾಗಿಲು ತಟ್ಟಿ. ಮೊದಲು ‘ಬೊನ್ಸ್ವಾರ್’ ಎನ್ನಿ. ನಮಸ್ಕಾರವಿಲ್ಲದೆ ಮಾತಿಗಿಳಿಯುವುದು ಅಲ್ಲಿ ಒರಟುತನ. ಆಮೇಲೆ ‘ಎಸ್ಕ ಜ ಪೆ ಪ್ಲಾಂತೆ ಮ ತಾಂತ್ ಇಸಿ?’ (ಇಲ್ಲಿ ಟೆಂಟ್ ಹಾಕಬಹುದೇ?) ಎಂದು ಕೇಳಿ. ಬೆಳಕಿರುವಾಗ ಕೇಳಿದರೆ ಒಪ್ಪುವವರು ಹೆಚ್ಚು.

ಹಾಗಾಗಿ ಸಂಜೆ ಐದರೊಳಗೆ ಊರು ಸೇರುವ ಲೆಕ್ಕದಲ್ಲಿ ದಿನಕ್ಕೆ 50–60 ಕಿ.ಮೀ. ಇಟ್ಟುಕೊಳ್ಳಿ. ನೆವೆರ್ ಬಳಿಯಿಂದ ಸ್ಯಾಂ ಬ್ರೆವಾಂ ಕಡಲತೀರದವರೆಗೆ ಲುವಾರ್ ಪಕ್ಕದ ಸೈಕಲ್ ದಾರಿ ಸುಮಾರು 900 ಕಿ.ಮೀ. ಹೆಚ್ಚಿನವರು ಕಡಲ ಕಡೆಗೇ ತುಳಿಯುತ್ತಾರೆ, ಆದರೆ ಗಾಳಿ ಬಹುಪಾಲು ಪಶ್ಚಿಮದಿಂದ ಬೀಸುತ್ತದೆ. ಕಡಲಿಗೆ ಹತ್ತಿರದ ನಾಂತ್ ನಗರದಿಂದ ಶುರುಮಾಡಿ ಪೂರ್ವಕ್ಕೆ ಹೋದರೆ ಗಾಳಿ ಬೆನ್ನಿಗಿರುತ್ತದೆ. ಹೊರೆ ಕಟ್ಟಿದ ಸೈಕಲ್ಲಿಗೆ ಇದು ಸಣ್ಣ ಅನುಕೂಲವಲ್ಲ.

ಅಡುಗೆ ಮಾಡಿಕೊಂಡರೆ ಉಳಿತಾಯ ಬಹಳ. ಇಲ್ಲಿ ಎಡವುವುದು ಗ್ಯಾಸ್ ಡಬ್ಬಿಯ ವಿಷಯದಲ್ಲಿ. ವಿಮಾನದಲ್ಲಿ ಅದನ್ನು ಒಯ್ಯುವಂತಿಲ್ಲ, ಹಳ್ಳಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕ್ಯಾಂಪಿಂಗ್‌ಗಾಜ್ ಕಂಪನಿಯ ಡಬ್ಬಿ. ಸ್ಕ್ರೂನಂತೆ ತಿರುಗಿಸಿ ಕೂರಿಸುವ ಸ್ಟೌವ್ ಅದಕ್ಕೆ ಹೊಂದುವುದಿಲ್ಲ. ಬದಲಿಗೆ ಸ್ಪಿರಿಟ್ ಸ್ಟೌವ್ ಒಯ್ಯಿರಿ. ‘ಆಲ್ಕೋಲ್ ಆ ಬ್ರ್ಯುಲೆ’ ಎಂಬ ಉರುವಲು ಸ್ಪಿರಿಟ್ ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಲೀಟರ್ ಬಾಟಲಿಯಲ್ಲಿ ಸಿಗುತ್ತದೆ. ಗಾಳಿಗೆ ಮರೆ ಕಟ್ಟಿದರೆ ಅರ್ಧ ಲೀಟರ್ ನೀರು ಕುದಿಯಲು ಸುಮಾರು 25 ಮಿ.ಲೀ. ಸಾಕು. ಬೇಳೆ ಬೇಕೆನಿಸಿದರೆ ‘ಲಾಂತಿಯ್ ಕೊರಾಯ್’ ಕೇಳಿ. ಅದು ನಮ್ಮ ಮಸೂರ್ ಬೇಳೆಯೇ, ಹದಿನೈದು ನಿಮಿಷದೊಳಗೆ ಬೇಯುತ್ತದೆ. ಹಸಿರು ಲಾಂತಿಯ್‌ಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು, ಅಷ್ಟು ಸ್ಪಿರಿಟೂ ಉರಿಯುತ್ತದೆ.

ಹಳ್ಳಿ ಅಂಗಡಿಗಳು ಮಧ್ಯಾಹ್ನ ಎರಡು ಗಂಟೆ ಹೊತ್ತು ಮುಚ್ಚಿರುತ್ತವೆ, ಭಾನುವಾರ ಮಧ್ಯಾಹ್ನದ ನಂತರ ಬಾಗಿಲೇ ತೆರೆಯುವುದಿಲ್ಲ. ಎಷ್ಟೋ ಬೇಕರಿಗಳಿಗೆ ಸೋಮವಾರ ರಜೆ. ಭಾನುವಾರ ಬೆಳಿಗ್ಗೆಯೇ ಎರಡು ದಿನದ ಸಾಮಾನು ಕೊಂಡುಬಿಡಿ. ನೀರಿಗೆ ಸ್ಮಶಾನ ಹುಡುಕಿ. ಸಮಾಧಿಯ ಹೂಗಿಡಗಳಿಗೆಂದು ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ. ‘ನೋ ಪೊತಾಬ್ಲ್’ ಎಂಬ ಫಲಕವಿದ್ದರೆ ಕುಡಿಯಬೇಡಿ.

ರಿಮ್ ಮುರಿದರೆ? ಹೆದ್ದಾರಿಯಲ್ಲಿ, ಅಂದರೆ ‘ಓತೊರೂತ್’ನಲ್ಲಿ, ನಿಂತು ಲಿಫ್ಟ್ ಕೇಳುವಂತಿಲ್ಲ. ಡಿ ಅಕ್ಷರದಿಂದ ಶುರುವಾಗುವ ಜಿಲ್ಲಾ ರಸ್ತೆಗಳಲ್ಲಿ ಕೇಳಬಹುದು. ಊರು ಮುಗಿಯುವಲ್ಲಿ, ಕಾರು ಪಕ್ಕಕ್ಕೆ ನಿಲ್ಲಲು ಜಾಗವಿರುವ ಕಡೆ ನಿಲ್ಲಿ. ರಟ್ಟಿನ ಮೇಲೆ ದೂರದ ಪಟ್ಟಣದ ಹೆಸರಲ್ಲ, ಮುಂದಿನ ಊರಿನ ಹೆಸರು ಬರೆಯಿರಿ. ಮುಂದಿನ ಊರಿನವರೆಗೆ ಮಾತ್ರ ಹೋಗುವವರೇ ಹೆಚ್ಚು. ಬ್ಯಾಗುಗಳನ್ನೂ ಮುಂದಿನ ಚಕ್ರವನ್ನೂ ಮೊದಲೇ ಬಿಚ್ಚಿಟ್ಟಿದ್ದರೆ, ಸೈಕಲ್ ತನ್ನ ವ್ಯಾನಿನಲ್ಲಿ ಹಿಡಿಸುತ್ತದೆಂದು ಚಾಲಕನಿಗೆ ದೂರದಿಂದಲೇ ಗೊತ್ತಾಗುತ್ತದೆ. ಹತ್ತಿರದಲ್ಲಿ ಸ್ಟೇಷನ್ ಇದ್ದರೆ ‘ಟಿಇಆರ್’ ಎಂಬ ಪ್ರಾದೇಶಿಕ ರೈಲು ಹತ್ತಿ. ಬಹುತೇಕ ಮಾರ್ಗಗಳಲ್ಲಿ ಸೈಕಲ್ಲಿಗೆ ದುಡ್ಡಿಲ್ಲ, ಆದರೆ ಬೇಸಿಗೆಯ ಜನದಟ್ಟಣೆಯಲ್ಲಿ ಕೆಲವೆಡೆ ಜಾಗ ಮೊದಲೇ ಕಾಯ್ದಿರಿಸಬೇಕಾಗುತ್ತದೆ.